ಒಳಕೋಣೆಯ ಬಿಸಿಲು

ನಮ್ಮ ಮನೆಯ ಒಳಕೋಣೆಯನ್ನು ನಮ್ಮವರು ಯಾರೂ ಕಟ್ಟಿದ್ದಲ್ಲ. ಉಳಿದ ಮನೆಯೆಲ್ಲ ಮಣ್ಣಿನ ಗೋಡೆ, ನಾಡಹೆಂಚು, ಹೊಗೆ ಹಿಡಿದ ಬಿದಿರ ಗಳ. ಒಳಕೋಣೆ ಮಾತ್ರ ದೊಡ್ಡ ಬಂಡೆ ಚಪ್ಪಡಿಗಳನ್ನು ನೆಟ್ಟಗೆ ನಿಲ್ಲಿಸಿ, ಅವುಗಳ ಮೇಲೆ ಇನ್ನೊಂದು ಚಪ್ಪಡಿಯನ್ನು ಮುಚ್ಚಳದಂತೆ ಹೇರಿದ್ದು. ತಮಿಳುನಾಡಿನ ಗಡಿಯೊಳಗಿನ ರಾಯಕೋಟೆಯಿಂದ ನಮ್ಮೂರಿನ ಕಡೆಗೆ ಬರುವಾಗ ಗುಡ್ಡದ ತಪ್ಪಲಿನಲ್ಲಿ ಅಂಥ ಕಲ್ಲುಮನೆಗಳು ಅಲ್ಲೊಂದು ಇಲ್ಲೊಂದು ಈಗಲೂ ನಿಂತಿವೆ. ನಾವು ಕುಳ್ಳರ ಮನೆ ಅನ್ನುತ್ತೇವೆ. ಮೊಣಕಾಲೆತ್ತರದ ಜನ ಅವುಗಳಲ್ಲಿ ಬಾಳಿ ಹೋದರು ಎಂದು ಅಜ್ಜಿ ಹೇಳುತ್ತಿದ್ದಳು. ಅವು ಮನೆಗಳಲ್ಲ, ಬಹಳ ಹಿಂದಿನವರು ತಮ್ಮ ಸತ್ತವರಿಗಾಗಿ ಕಟ್ಟಿದ್ದು ಎಂದು ನಾನು ಓದಿ ತಿಳಿದದ್ದು ಕಾಲೇಜಿಗೆ ಹೋದ ಮೇಲೆ. ನಮ್ಮ ಹಿರೀಕರಲ್ಲಿ ಯಾರೋ ಒಬ್ಬ, ಮೂರು ಗೋಡೆ ಪುಕ್ಕಟೆ ಸಿಕ್ಕಿತಲ್ಲ ಎಂದುಕೊಂಡು, ತೆಂಕಲ ಚಪ್ಪಡಿ ಮುರಿದು ಬಿದ್ದಿದ್ದ ಒಂದು ಕುಳ್ಳರ ಮನೆಗೆ ಆನಿಸಿ ತನ್ನ ಮನೆ ಕಟ್ಟಿದ. ಮುರಿದ ಕಡೆಗೆ ಒಂದು ಬಾಗಿಲು ಕೂರಿಸಿದ. ಹೀಗೆ ಸತ್ತವರ ಜಾಗ ಬದುಕಿದ್ದವರ ಮನೆಯೊಳಕ್ಕೆ ಸೇರಿಕೊಂಡಿತು. ಅಥವಾ ನಾವು ಅದರೊಳಕ್ಕೆ ಸೇರಿಕೊಂಡೆವು. ಬೆಳೆಯುವ ಕಾಲದಲ್ಲಿ ನನಗೆ ಇವೆರಡರಲ್ಲಿ ಯಾವುದು ನಿಜ ಎಂಬುದು ಗೊತ್ತಾಗುತ್ತಿರಲಿಲ್ಲ.

ತಲೆ ಬಗ್ಗಿಸದೆ ಯಾರೂ ಆ ಕೋಣೆಗೆ ಹೋಗುವಂತಿರಲಿಲ್ಲ. ಅಪ್ಪ ಎತ್ತರದ ಆಳು. ಬಿತ್ತನೆಯ ರಾಗಿ ತರಲು ಹೋದಾಗಲೆಲ್ಲ ಹಣೆಗೆ ಏಟು ತಿಂದು ಹೊರಗೆ ಬರುತ್ತಿದ್ದ. ಅಜ್ಜಿಗೆ ಅದೊಂದು ಖುಷಿ.

“ತಗ್ಗಿ ಹೋಗ್ಲಾ. ಅವ್ರ ಮನೆ ಕಣ್ಲಾ ಅದು. ನಾವು ಬಾಡಿಗೇಗಿರೋರು.”

“ಬಾಡಿಗೆ ಯಾರ್ಗೆ ಕೊಡ್ತಿದ್ದೀಯಮ್ಮ ನೀನು?”

“ವರ್ಷಕ್ಕೊಂದ್ ಎಡೆ ಇಕ್ತೀನಲ್ಲ, ಅದೇಯ.”

ಮೂಡಲ ಕಡೆಯ ಚಪ್ಪಡಿಯಲ್ಲಿ ಮೊಣಕಾಲೆತ್ತರಕ್ಕೆ ದುಂಡನೆಯ ಒಂದು ತೂತು ಇತ್ತು. ಹಿಡಿದು ಹಿಡಿದು ಸವೆದ ರಾಗಿಕಲ್ಲಿನ ಗೂಟದ ಹಾಗೆ ಅದರ ಅಂಚು ನುಣುಪಾಗಿತ್ತು. ಮಂಡಿಯೂರಿ ಅದರಲ್ಲಿ ಕಣ್ಣಿಟ್ಟರೆ ಮೊದಲು ನಮ್ಮ ಅವರೆಹೊಲ, ಅದರಾಚೆ ಗುಡ್ಡ, ಗುಡ್ಡದ ತಲೆಯ ಮೇಲೆ ಒಂದಕ್ಕೊಂದು ಮುಖ ಕೊಟ್ಟು ನಿಂತ ಎರಡು ದೊಡ್ಡ ಗುಂಡುಗಳು ಕಾಣುತ್ತಿದ್ದವು. ಜೋಡಿಗುಂಡು ಎಂದು ಅವುಗಳ ಹೆಸರು. ಎರಡರ ನಡುವೆ ಕಿರಿದಾದ ಒಂದು ಸೀಳು. ಬೇರೆ ಎಲ್ಲಿಂದ ನೋಡಿದರೂ ಆ ಸೀಳು ಒಂದು ಗುಂಡಿನ ಹಿಂದೆ ಮುಚ್ಚಿಹೋಗುತ್ತಿತ್ತು. ನಮ್ಮ ತೂತಿನಿಂದ ನೋಡಿದರೆ ಮಾತ್ರ ಅದರ ಹಿಂದಿನ ಆಕಾಶ ಕಾಣುತ್ತಿತ್ತು. ಕಟ್ಟಿದವರು ಅದನ್ನು ನೋಡಿಯೇ ಕಟ್ಟಿದ್ದರು. ಆಗ ನನಗೆ ಹಾಗೆನ್ನಿಸಲಿಲ್ಲ. ಯಾರೋ ಗುಡ್ಡದ ಆಚೆಯಿಂದ ಆ ಸೀಳಿಗೆ ಕಣ್ಣಿಟ್ಟು ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಎದ್ದು ಓಡುತ್ತಿದ್ದೆ.

ಕಾರ್ತಿಕದ ದೀಪಗಳು ಮುಗಿದ ಮಾರನೆಯ ದಿನ ಅಜ್ಜಿ ಒಳಕೋಣೆಯ ಬಾಗಿಲು ಹಾಕಿ, ಅಗುಳಿ ಜಡಿದು, ಹೊಸ್ತಿಲ ಮೇಲೆ ಸುಣ್ಣದ ಒಂದು ಗೆರೆ ಎಳೆಯುತ್ತಿದ್ದಳು. ಎಳ್ಳಮಾಸೆಯ, ಅಂದರೆ ಮಾರ್ಗಶಿರದ ಅಮಾವಾಸ್ಯೆಯ, ಬೆಳಗಿನವರೆಗೆ ಅದನ್ನು ಯಾರೂ ತೆಗೆಯುವಂತಿಲ್ಲ. ಅದು ಮನೆಯ ಹಳಬರು ಬಂದುಹೋಗುವ ತಿಂಗಳು. ಬೇಕಾದ ಕಾಳುಕಡ್ಡಿಯನ್ನೆಲ್ಲ ಮೊದಲೇ ಹೊರಗೆ ತೆಗೆದಿಟ್ಟುಕೊಳ್ಳಬೇಕು. ಆ ತಿಂಗಳೆಲ್ಲ ಮನೆ ತುಂಬ ಸೊಗಡವರೆಯ ವಾಸನೆ. ಹೆಂಗಸರು ಹೊರಗಿನ ಜಗಲಿಯ ಮೇಲೆ ಕಾಲು ನೀಡಿ ಅವರೆಬೇಳೆ ಹಿದುಕುತ್ತ ಕೂರುತ್ತಿದ್ದರು. ಪಕ್ಕದ ಮನೆ ಸೆಲ್ವಕ್ಕನದು, ತಮಿಳರು. ಅವರ ಮಾರ್ಗಳಿ ತಿಂಗಳು ಹುಟ್ಟಿತೆಂದರೆ ಅವಳು ವತ್ತಾರೆ ಎದ್ದು ಬಾಗಿಲ ತುಂಬ ಕೋಲ, ಅಂದರೆ ರಂಗೋಲಿ, ಹಾಕಿ, ಸಗಣಿಯುಂಡೆಗೆ ಕುಂಬಳದ ಹೂ ಸಿಕ್ಕಿಸಿ ಇಡುತ್ತಿದ್ದಳು. ನಮ್ಮಜ್ಜಿ ಅಮಾವಾಸ್ಯೆ ಎಣಿಸುತ್ತ ಕೂತಿರುತ್ತಿದ್ದಳು. ಇಬ್ಬರೂ ಒಂದೇ ಚಳಿಯಲ್ಲಿ ನಡುಗುತ್ತ ಬೇರೆ ಬೇರೆ ತಿಂಗಳುಗಳಲ್ಲಿ ಬದುಕುತ್ತಿದ್ದರು.

“ಏನಜ್ಜಿ, ನಿಮ್ಮ ಅಮಾವಾಸೈ ಇನ್ನೂ ಬರ್ಲಿಲ್ವಾ? ನಮ್ಮ ಮಾರ್ಗಳಿ ಅರ್ಧ ಆಗೋಯ್ತು.”

“ನಿಂದು ಬಸ್ಸಿನಂಗೆ ಟೈಮಿಗೆ ಬತ್ತದೆ ಕಣಮ್ಮಿ. ನಮ್ದು ನೆಂಟ್ರು ಬಂದಂಗೆ. ಬಂದಾಗ ಬಂತು.”

ಎಳ್ಳಮಾಸೆಯ ಬೆಳಗ್ಗೆ ಇನ್ನೂ ಕತ್ತಲಿರುವಾಗಲೇ ಅವ್ವ ಮುದ್ದೆ ತೊಳಸಿ, ಹಿದುಕಿದ ಬೇಳೆಯ ಸಾರು, ಎಳ್ಳುಂಡೆ ಮಾಡಿಡುತ್ತಿದ್ದಳು. ಅಜ್ಜಿ ಬಾಗಿಲು ತೆಗೆದು ಬಾಳೆಲೆಯಲ್ಲಿ ಎಡೆ ಇಟ್ಟು ಒಂದು ಪಕ್ಕಕ್ಕೆ ಕೂರುತ್ತಿದ್ದಳು. ನಾವು ಹೊಸ್ತಿಲಾಚೆ. ಗುಡ್ಡದ ಮೇಲೆ ಬೆಳಕಾಗಿ, ಸೂರ್ಯ ಎದ್ದು, ತೂತಿನಿಂದ ಒಂದು ಬಿಸಿಲ ಕೋಲು ಒಳಕ್ಕೆ ಬಂದು ಎಡೆಯನ್ನು ಮುಟ್ಟಬೇಕು. ಮುಟ್ಟಿದರೆ ಉಂಡರು ಎಂದರ್ಥ. ಮಂಜು ಕವಿದ ವರ್ಷ ಬಿಸಿಲೇ ಬರುತ್ತಿರಲಿಲ್ಲ. “ಈ ವರ್ಸ ಬೇರೆ ಕಡೆ ಹೋಗವ್ರೆ” ಎಂದು ಅಜ್ಜಿ ಸಲೀಸಾಗಿ ಎದ್ದುಬಿಡುತ್ತಿದ್ದಳು. ಅದರ ಬಗ್ಗೆ ಯಾರಿಗೂ ದುಃಖವಿರಲಿಲ್ಲ. ಆದರೆ ಮನೆಯಲ್ಲಿ ಎಳೆಗೂಸಿದ್ದ ವರ್ಷದ ಮಾತು ಬೇರೆ. ಬಾಣಂತಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಪಡುವಲ ಚಪ್ಪಡಿಗೆ ಬೆನ್ನು ಕೊಟ್ಟು, ತೂತಿಗೆ ಎದುರಾಗಿ ಕೂರಬೇಕು. ಬಿಸಿಲು ಮೊದಲು ಕೂಸಿನ ಮುಖದ ಮೇಲೆ ಬೀಳಬೇಕು. ಮನೆಯ ಹಳಬರು ಹೊಸಬರನ್ನು ಕಂಡ ಹಾಗೆ ಅದು. ಹೆಸರಿಡುವುದೆಲ್ಲ ಆಮೇಲೆ. ನನ್ನ ಸರದಿಯ ಕಥೆಯನ್ನು ಅಜ್ಜಿ ಬೇಸರವಿಲ್ಲದೆ ಹೇಳುತ್ತಿದ್ದಳು.

“ಆ ಸೆಲ್ವಿ ಅವತ್ತಷ್ಟೇ ಕೋಲ ಹಾಕಾಕೆ ಸುರು ಮಾಡಿದ್ಲು ಕಣೇ ರತ್ನಿ. ನಿನ್ ಮಖದ್ ಮ್ಯಾಲೆ ಬಂಗಾರ ಹುಯ್ದಂಗೆ ಬಿತ್ತು ನೋಡು, ನಿಮ್ಮವ್ವನ ಸೀರೆ ಮ್ಯಾಲೆ ಉಚ್ಚೆ ಉಯ್ದ್‌ಬುಟ್ಟೆ!”

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದಾಗ ಅವ್ವನಿಗೆ ಗಂಡುಕೂಸು ಹುಟ್ಟಿತು. ಎಳ್ಳಮಾಸೆಯವರೆಗೆ ಹೆಸರಿಲ್ಲ, ಕೂಸು ಎನ್ನುವುದೇ ಹೆಸರು. ಬಾಣಂತಿಯ ಮಂಚ ಹಾಕಿದ್ದು ಒಳಕೋಣೆಯ ಬಾಗಿಲ ಎದುರಿಗೆ, ಏಕೆಂದರೆ ಮನೆಯಲ್ಲಿ ಗಾಳಿ ಬರದ ಜಾಗ ಅದೊಂದೇ. ಹೊಗೆ, ಸಾಂಬ್ರಾಣಿ, ಬೆಳ್ಳುಳ್ಳಿ ಖಾರದ ವಾಸನೆಯಲ್ಲಿ ಅವ್ವ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿರುತ್ತಿದ್ದಳು. ಶಾಲೆಯಿಂದ ಬಂದವಳೇ ನಾನು ಕೂಸಿನ ಅಂಗೈ ಬಿಡಿಸಿ ಒಳಗಿನ ಕೊಳೆ ತೆಗೆಯುತ್ತಿದ್ದೆ. ಅಂಥ ಬೆಚ್ಚಗಿನ ಕೊಳೆಯನ್ನು ನಾನು ಮತ್ತೆ ಮುಟ್ಟಿಲ್ಲ.

ಆ ವರ್ಷದ ಎಳ್ಳಮಾಸೆಯಂದು ಮಂಜಿರಲಿಲ್ಲ. ಆಕಾಶ ತೊಳೆದಿಟ್ಟಂತಿತ್ತು. ಸೆಲ್ವಕ್ಕ ಪೊಂಗಲಿಗೆಂದು ಆಗಲೇ ಗೋಡೆಗೆ ಸುಣ್ಣ ಬಳಿಸಿದ್ದಳು, ಜಗಲಿಗೆ ಕಬ್ಬಿನ ಜಲ್ಲೆ ಆನಿಸಿಟ್ಟಿದ್ದಳು. ಅವ್ವ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ಕೂಸನ್ನು ಎತ್ತಿಕೊಂಡು ಹೋಗಿ ಚಪ್ಪಡಿಗೆ ಒರಗಿ ಕೂತಳು. ನಾವು ಕಾದೆವು. ಗುಡ್ಡ ಬೆಳ್ಳಗಾಯಿತು, ಹೊಲ ಬೆಳ್ಳಗಾಯಿತು, ಕಾಗೆಗಳು ಕೂಗಿದವು, ಊರಿನ ಹೆಂಚುಗಳ ಮೇಲೆಲ್ಲ ಬಿಸಿಲು ಬಿದ್ದು ಹೊಗೆ ಎದ್ದಿತು. ಒಳಕೋಣೆ ಮಾತ್ರ ಕತ್ತಲು. ಬಹಳ ಹೊತ್ತಾದ ಮೇಲೆ ಬಿಸಿಲ ಕೋಲು ಬಂತು. ಬಂದದ್ದು ಕೂಸಿನ ಮುಖಕ್ಕಲ್ಲ, ನೆಲಕ್ಕೆ. ಅವ್ವನ ಕಾಲ್ಬೆರಳಿಗೆ ಒಂದು ಗೇಣು ಈಚೆ ದುಂಡಗೆ ಬಿದ್ದು ನಿಂತಿತು. ಈಗ ಮೇಲೇರುತ್ತದೆ, ಈಗ ಏರುತ್ತದೆ ಎಂದು ನಾವು ಉಸಿರು ಹಿಡಿದು ನೋಡುತ್ತಿದ್ದೆವು. ಅವ್ವ ಕಾಲನ್ನು ಮೆಲ್ಲಗೆ ಮುಂದಕ್ಕೆ ಚಾಚಿದಳು. ಬಿಸಿಲು ಹಿಂದಕ್ಕೆ ಸರಿಯಿತು. ನೋಡುನೋಡುತ್ತಿದ್ದಂತೆ, ಬಾಗಿಲವರೆಗೆ ಬಂದು ಯಾರನ್ನೋ ಕಂಡು ಹಿಂದಿರುಗಿದವರ ಹಾಗೆ, ಬಂದ ದಾರಿಯಲ್ಲೇ ಸರಿದು ಸರಿದು ತೂತಿನ ಬುಡ ಸೇರಿ ಇಲ್ಲವಾಯಿತು.

ಅಜ್ಜಿ ಒಂದೇ ಮಾತು ಅಂದಳು.

“ಅವ್ರು ಮುಟ್ಟಾಕೆ ಒಪ್ನಿಲ್ಲ.”

ಕೂಸಿಗೆ ಜ್ವರ ಹತ್ತಿದ್ದು ಪೊಂಗಲ್ ಕಳೆದ ಮೇಲೆ. ರಾಯಕೋಟೆಯಲ್ಲಿ ಡಾಕ್ಟರಿಗೆ ತೋರಿಸಿದರು, ಕೃಷ್ಣಗಿರಿಗೆ ಕರೆದುಕೊಂಡು ಹೋಗಿ ಎಂದರು. ಅಪ್ಪ, ಅವ್ವ ಹೊರಟರು. ಬಸ್ಸು ಕೃಷ್ಣಗಿರಿ ತಲಪುವ ಮೊದಲೇ ಕೂಸು ಹೋಗಿತ್ತು. ಬಸ್ಸಿನಲ್ಲಿ ಯಾರಿಗೂ ಗೊತ್ತಾಗದ ಹಾಗೆ ಅವ್ವ ಅದನ್ನು ಎದೆಗೆ ಅವಚಿಕೊಂಡೇ ಕೂತಿದ್ದಳಂತೆ, ಇಳಿಸಿಬಿಡುತ್ತಾರೆ ಎಂದು. ಅದನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಮೂರನೆಯ ದಿನ ಊಟಕ್ಕೆ ಕೂತಾಗ ಅಜ್ಜಿ ಮಾತು ತೆಗೆದಳು. ಅವ್ವ ಒಲೆಯ ಮುಂದೆ ಮುದ್ದೆ ತೊಳಸುತ್ತಿದ್ದಳು.

“ಮುಚ್ಚಿದ್ ಬಾಗ್ಲು ತೆಗ್ದೋರು ಯಾರು? ಸುಣ್ಣದ್ ಗೆರೆ ಅಳ್ಸಿತ್ತು. ನಾನ್ ಕಣ್ಣಾರೆ ಕಂಡಿವ್ನಿ.”

“ಬೆಕ್ಕು ಓಡಾಡಿರ್ತದೆ ಬಿಡಮ್ಮ,” ಅಂದ ಅಪ್ಪ.

“ಬೆಕ್ಕು ಅಗುಳಿ ತೆಗೀತದೇನ್ಲಾ?”

“ಅಗುಳಿ ತೆಗ್ದಿತ್ತಾ?”

“ಇಲ್ಲ, ಹಾಕಿತ್ತು.”

“ಮತ್ತೆ?”

“ಮತ್ತೇನ್ಲಾ ಮತ್ತೆ! ಬಾಣ್ತಿ ಮೈಲಿಗೇಲಿ ಒಳಕ್ಕೋಗಿ ಬಂದು ತಿರ್ಗಾ ಹಾಕವ್ಳೆ. ಅವ್ರು ಬಾಗ್ಲಿಗಂಟ ಬಂದು ವಾಪಸ್ ಹೋದ್ರು. ಹೋಗ್ತಾ ಕೂಸ್ನೂ ಹಿಂದೇಲೇ ಕರ್ಕೊಂಡ್ರು.”

ಅಪ್ಪ ತಟ್ಟೆ ಬಿಟ್ಟು ಎದ್ದ. ಅವ್ವ ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ಮುದ್ದೆ ಕಟ್ಟಿ ತಟ್ಟೆಗೆ ಹಾಕಿದಳು, ಅಷ್ಟೆ. ಅಂದಿನಿಂದ ಅವಳು ಒಳಕೋಣೆಯ ಹೊಸ್ತಿಲು ದಾಟುವಂತಿರಲಿಲ್ಲ. ಎಡೆಯ ಅಡುಗೆಯನ್ನು ಅವಳೇ ಮಾಡಬೇಕು, ಆದರೆ ಇಡಲು ಮುಟ್ಟಬಾರದು. ಅಗುಳಿ ತೆಗೆಯುವಾಗ ಅವಳು ಮನೆಯಲ್ಲೇ ಇರಬಾರದು. ಸೆಲ್ವಕ್ಕನ ಜಗಲಿಯಲ್ಲಿ ಹೋಗಿ ಕೂರುತ್ತಿದ್ದಳು. ಊರಿನಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ಅವ್ವನನ್ನು ಕರೆಯುವುದು ನಿಂತಿತು. ಕರೆಯದವರು ಕೆಟ್ಟವರೇನಲ್ಲ. ಸಂಜೆ ಬಂದು ಉಪ್ಪು ಸಾಲ ಕೇಳಿಕೊಂಡು, ನಕ್ಕು ಮಾತಾಡಿ ಹೋಗುತ್ತಿದ್ದರು.

ಆಷಾಢದ ಗಾಳಿಗೆ ಆ ತೂತು ಸದ್ದು ಮಾಡುತ್ತಿತ್ತು. ಮಧ್ಯಾಹ್ನ ಎಲ್ಲರೂ ಹೊಲದಲ್ಲಿರುವಾಗ ಮನೆಯಲ್ಲಿ ನಾನೂ ಅವ್ವನೂ ಇಬ್ಬರೇ ಇದ್ದರೆ, ಒಳಗಿನಿಂದ ಚಪ್ ಚಪ್ ಎಂದು ಕೂಸು ಮೊಲೆ ಚೀಪುವ ಸದ್ದು. ಗಾಳಿ ಎಂದು ನನಗೆ ಗೊತ್ತಿತ್ತು. ಅವ್ವ ಮಾಡುತ್ತಿದ್ದ ಕೆಲಸ ಬಿಟ್ಟು ಬಂದು ಮುಚ್ಚಿದ ಬಾಗಿಲಿಗೆ ಬೆನ್ನು ಕೊಟ್ಟು ಕೂತುಬಿಡುತ್ತಿದ್ದಳು. ಗಾಳಿ ನಿಂತ ಮೇಲೆ ಏಳುತ್ತಿದ್ದಳು. ಎದ್ದಾಗ ಅವಳ ರವಿಕೆಯ ಮುಂಭಾಗ ಒದ್ದೆಯಾಗಿದ್ದನ್ನು ನಾನು ನೋಡಿದ್ದೇನೆ, ಕೂಸು ಹೋಗಿ ಎಷ್ಟೋ ತಿಂಗಳಾದ ಮೇಲೂ. ಇದನ್ನು ಬರೆಯಬೇಕೋ ಬೇಡವೋ ಎಂದು ಯೋಚಿಸಿದೆ. ಬರೆದಿದ್ದೇನೆ. ಆ ಮನೆಯಲ್ಲಿ ದೆವ್ವ ಇತ್ತೇ ಎಂದು ಯಾರಾದರೂ ಕೇಳಿದರೆ ನಾನು ತೋರಿಸಬಹುದಾದದ್ದು ಇದೊಂದೇ.

ನನ್ನ ಓದು ಶುರುವಾದದ್ದು ಅಲ್ಲಿಂದ. ನಮ್ಮ ಮನೆತನದಲ್ಲಿ ಡಿಗ್ರಿ ಪಾಸು ಮಾಡಿದ ಮೊದಲನೆಯವಳು ನಾನು. ಗಂಡಸರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ದಾನ ಕೊಟ್ಟದ್ದಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕಾಲೇಜಿನಲ್ಲಿ ಇಂಗ್ಲಿಷು. ಒಂದೊಂದನ್ನೂ ಕಲ್ಲು ಒಡೆದ ಹಾಗೆ ಒಡೆದು ಕಲಿತೆ. ಹೈಸ್ಕೂಲು ಮುಗಿದಾಗ ಮದುವೆ ಮಾಡೋಣ ಎಂದು ಅಪ್ಪ ಕೂತ. ಅದುವರೆಗೆ ಗಟ್ಟಿಯಾಗಿ ಮಾತಾಡದ ಅವ್ವ ಆವತ್ತು ಅಡುಗೆ ಮಾಡಲಿಲ್ಲ. ಮಾರನೆಯ ದಿನವೂ ಒಲೆ ಹಚ್ಚಲಿಲ್ಲ. ಹಸಿದ ಅಪ್ಪ ಕೃಷ್ಣಗಿರಿಗೆ ಬಂದು ನನ್ನನ್ನು ಕಾಲೇಜಿಗೆ ಸೇರಿಸಿದ. ಫಿಸಿಕ್ಸ್ ಯಾಕೆ ಎಂದು ಎಲ್ಲರೂ ಕೇಳುತ್ತಿದ್ದರು. ಆ ಬಿಸಿಲು ಯಾಕೆ ಹಿಂದಕ್ಕೆ ಹೋಯಿತು ಎಂದು ತಿಳಿದುಕೊಳ್ಳಬೇಕಿತ್ತು. ಅದು ಅವ್ವನನ್ನು ಕಂಡು ಹೋದದ್ದಲ್ಲ ಎಂದು ಅಜ್ಜಿಯ ಮುಂದೆ, ಊರಿನ ಮುಂದೆ ತೋರಿಸಿಕೊಡಬೇಕಿತ್ತು. ನನಗೆ ಬೇಕಾಗಿದ್ದದ್ದು ಇಷ್ಟೇ. ಅಜ್ಜಿಗೂ ಅದು ಗೊತ್ತಿತ್ತು. ರಿಸಲ್ಟು ಬಂದ ದಿನ ಬಾಯಿಗೆ ಸಕ್ಕರೆ ಹಾಕಿ ಕೇಳಿದಳು:

“ಏನೋ ಬೆಳ್ಕಿನ್ ಪಾಠ ಓದ್ಬುಟ್ಟು ಬಂದಿದ್ದೀಯಂತೆ. ಹೇಳು ನೋಡಾನ, ಅವತ್ತು ಅದು ಯಾಕ್ ಹಂಗ್ ಮಾಡ್ತು?”

ನನಗೆ ಹೇಳಲು ಬರಲಿಲ್ಲ. ಚಪ್ಪಡಿ ಜರುಗಿತೇ ಎಂದು ಅಳೆದಿದ್ದೆ, ಜರುಗಿರಲಿಲ್ಲ. ಎದುರಿಗೆ ಮರ ಬೆಳೆದಿತ್ತೇ ಎಂದು ನೆನೆದಿದ್ದೆ, ಬರೀ ಅವರೆಹೊಲ. ಕೊನೆಗೊಂದು ಸಲವಾದರೂ ಅಜ್ಜಿ ಅವ್ವನನ್ನು ಒಳಗೆ ಕರೆದು ಎಡೆ ಇಡಿಸುತ್ತಾಳೇನೋ ಎಂದು ಕಾದೆ. ಅಜ್ಜಿ ಹಾಗೆ ಮಾಡದೆಯೇ ತೀರಿಕೊಂಡಳು. ನಾನು ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಟೀಚರಾದೆ. ಸೂರ್ಯ ಉತ್ತರಕ್ಕೂ ದಕ್ಷಿಣಕ್ಕೂ ವಾಲುವುದನ್ನು ನಿವೃತ್ತಿಯವರೆಗೆ ವರ್ಷವರ್ಷವೂ ಬೋರ್ಡಿನ ಮೇಲೆ ಬರೆದೆ. ನಮ್ಮ ಮನೆಯ ತೂತಿನಲ್ಲಿ ಆ ಸೂರ್ಯನನ್ನು ಇಟ್ಟು ನೋಡಲು ಮಾತ್ರ ನನಗೆ ದಾರಿ ಕಾಣಲಿಲ್ಲ.

ಈಗ ಮಣ್ಣಿನ ಮನೆ ಕರಗಿಹೋಗಿದೆ. ಹೊಲ ಚಿಕ್ಕಪ್ಪನ ಮಕ್ಕಳ ಕೈಯಲ್ಲಿದೆ. ನಾವು ಬಂದು ಆನಿಸಿಕೊಳ್ಳುವ ಮೊದಲು ಹೇಗಿತ್ತೋ ಹಾಗೆ ಕುಳ್ಳರ ಮನೆ ಟೊಮೆಟೊ ತೋಟದ ನಡುವೆ ಒಂಟಿಯಾಗಿ ನಿಂತಿದೆ. ಗುಡ್ಡದ ಮೇಲಿನ ಜೋಡಿಗುಂಡಿನಲ್ಲಿ ಬಡಗಲದ್ದನ್ನು ಗ್ರಾನೈಟಿಗೆಂದು ಸೀಳಿ ಲಾರಿಯಲ್ಲಿ ಸಾಗಿಸಿಬಿಟ್ಟರು. ಸೀಳೂ ಇಲ್ಲ, ಅದರ ಹಿಂದಿನ ಕಿರಿದಾದ ಆಕಾಶವೂ ಇಲ್ಲ. ಇನ್ನು ಇದಕ್ಕೆ ಉತ್ತರ ಸಿಗುವುದಿಲ್ಲ ಎಂದೇ ಅಂದುಕೊಂಡಿದ್ದೆ. ಆಗ ಕೃಷ್ಣಗಿರಿಯ ನನ್ನ ಮನೆಗೆ ಹಳೆಯ ವಿದ್ಯಾರ್ಥಿನಿ ಭುವನಾ ಬಂದಳು. ಕಲ್ಲುಮನೆಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ. ಅವುಗಳನ್ನು ಎಲ್ಲ ದಿಕ್ಕಿನಿಂದಲೂ ಫೋಟೋ ತೆಗೆದು, ಕಂಪ್ಯೂಟರಿನೊಳಗೆ ಇದ್ದದ್ದು ಇದ್ದ ಹಾಗೇ ಕಟ್ಟಿ, ಮೇಲೆ ಸೂರ್ಯಚಂದ್ರರನ್ನು ಬಿಡುತ್ತಾಳೆ. ಯಾವ ವರ್ಷದ ಯಾವ ಬೆಳಗು ಬೇಕಾದರೂ ತಿರುಗಿಸಿ, ಬಿಸಿಲು ಎಲ್ಲಿ ಬೀಳುತ್ತಿತ್ತು ಎಂದು ತೋರಿಸುತ್ತಾಳೆ. ನಮ್ಮದನ್ನೂ ಕಟ್ಟಿದ್ದಳು. ನಾನು ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತೆ.

“ಗುಡ್ಡದಲ್ಲಿ ಒಂದು ಗುಂಡು ಇಲ್ಲ ಭುವನಾ. ಅದನ್ನ ನಿಲ್ಲಿಸ್ತೀಯಾ?”

“ಫೋಟೋ ಏನಾದ್ರೂ ಇದೆಯಾ ಮಿಸ್?”

ಒಂದಿತ್ತು. ಹೊಸ ಪಂಪ್‌ಸೆಟ್ಟಿನ ಮೇಲೆ ಕೈಯಿಟ್ಟು ಅಪ್ಪ ನಿಂತದ್ದು, ಹಿಂದೆ ಗುಡ್ಡ, ಗುಡ್ಡದ ಮೇಲೆ ಎರಡೂ ಗುಂಡುಗಳು. ಉಳಿದಿರುವ ಗುಂಡಿನ ಅಳತೆ ಹಿಡಿದು ಅವಳು ಹೋದದ್ದನ್ನು ಮತ್ತೆ ನಿಲ್ಲಿಸಿದಳು. ಲಾರಿಗಳು ಹೊತ್ತುಕೊಂಡು ಹೋದದ್ದು ಒಂದು ಮಧ್ಯಾಹ್ನದಲ್ಲಿ ತಿರುಗಿ ಬಂತು. ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದ ವರ್ಷ ಹೇಳಿದೆ. ಅವಳು ಮಾರ್ಗಳಿಯ ನಡುವಿನ ಒಂದು ದಿನಕ್ಕೆ, ಸೂರ್ಯ ತೀರಾ ದಕ್ಷಿಣಕ್ಕೆ ಹೋಗಿ ನಿಂತಿರುವ ಕಾಲಕ್ಕೆ, ತಿರುಗಿಸಿದಳು. ಸೂರ್ಯ ಸೀಳಿನಲ್ಲೇ ಹುಟ್ಟಿದ. ಬಿಸಿಲು ನೆಲಕ್ಕೆ ಸಮವಾಗಿ ಹರಿದುಬಂದು ಪಡುವಲ ಚಪ್ಪಡಿಯ ಮೇಲೆ, ಬಾಣಂತಿಯ ಮಡಿಲಿರುವ ಎತ್ತರಕ್ಕೆ, ದುಂಡಗೆ ನಿಂತಿತು.

“ಬರುತ್ತಲ್ಲಾ ಮಿಸ್? ಸುಮಾರು ದಿನ ಹೀಗೇ ಬರುತ್ತೆ.”

“ನಾವು ನೋಡಿದ್ದು ಅಮಾವಾಸ್ಯೆ ದಿನ. ಆ ವರ್ಷದ ಎಳ್ಳಮಾಸೆಗೆ ತಿರುಗಿಸು.”

ಆ ವರ್ಷದ ಎಳ್ಳಮಾಸೆ ಬಹಳ ತಡ. ಪೊಂಗಲಿಗೆ ಅಂಟಿಕೊಂಡಂತೆ ಬಂದಿತ್ತು. ಸೆಲ್ವಕ್ಕನ ಜಗಲಿಯ ಕಬ್ಬಿನ ಜಲ್ಲೆ ನನಗೆ ಆಗ ಕಣ್ಣೆದುರಿಗೆ ಬಂತು. ಅಷ್ಟರೊಳಗೆ ಸೂರ್ಯ ಹಿಂದಿರುಗಲು ಶುರುಮಾಡಿ ಸೀಳಿನಿಂದ ಬಡಗಲಿಗೆ ಸರಿದುಬಿಟ್ಟಿದ್ದ. ಬಡಗಲ ಗುಂಡಿನ ಹಿಂದೆ ಹುಟ್ಟಿ, ಅದರ ಭುಜ ದಾಟಿ ಹೊರಬರುವಷ್ಟರಲ್ಲಿ ಮೇಲೇರಿದ್ದ. ಅಷ್ಟು ಎತ್ತರದಿಂದ ಬಂದ ಬಿಸಿಲು ತೂತಿನಿಂದ ಓರೆಯಾಗಿ ನೆಲಕ್ಕೇ ಬೀಳಬೇಕು. ಸೂರ್ಯ ಏರಿದಷ್ಟೂ ಹಿಂದಕ್ಕೆ ಸರಿಯಬೇಕು. ಪರದೆಯ ಮೇಲೆ ಅದು ಸರಿಯಿತು. ಸೂರ್ಯನ ಜಾಗವನ್ನು ನಾವು ಚಂದ್ರನ ಲೆಕ್ಕದಲ್ಲಿ ಕಾಯುತ್ತಿದ್ದೆವು. ಎಡೆ ಇರುತ್ತಿದ್ದುದು ನೆಲದ ಮೇಲೆ, ಬಿಸಿಲು ಬೇಗ ಬಂದರೂ ತಡವಾಗಿ ಬಂದರೂ ಅದನ್ನು ಮುಟ್ಟಿಯೇ ಮುಟ್ಟುತ್ತಿತ್ತು. ಆದ್ದರಿಂದ ತಪ್ಪು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದು ಬಯಲಾಗಲು ತಡವಾದ ಅಮಾವಾಸ್ಯೆ, ತಿಳಿಯಾದ ಆಕಾಶ, ಮನೆಯಲ್ಲೊಂದು ಎಳೆಗೂಸು ಮೂರೂ ಒಟ್ಟಿಗೆ ಕೂಡಬೇಕಿತ್ತು. ಅದಕ್ಕಿಂತ ನನ್ನನ್ನು ನಡುಗಿಸಿದ್ದು ಇನ್ನೊಂದು. ಕೂಸು ಬಾಗಿಲ ಈಚೆ ಆಡಿಕೊಂಡಿದ್ದಾಗ, ನಾವು ಅಗುಳಿ ಹಾಕಿ ಸುಣ್ಣ ಎಳೆದಿದ್ದಾಗ, ಆಚೆ ದಿನವೂ ಬೆಳಕು ಬಂದು ಯಾರೂ ಇಲ್ಲದ ಕೋಣೆಯ ಚಪ್ಪಡಿಯನ್ನು ಮುಟ್ಟಿ ಹೋಗುತ್ತಿತ್ತು.

ಅವ್ವ ಈಗ ನನ್ನ ಜೊತೆಗೇ ಇದ್ದಾಳೆ. ಕಣ್ಣಿನ ಆಪರೇಷನ್ ಆದ ಮೇಲೆ ನನಗಿಂತ ಚೆನ್ನಾಗಿ ನೋಡುತ್ತಾಳೆ. ಹಿತ್ತಲಿನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಭುವನಾಳ ಕಂಪ್ಯೂಟರನ್ನು ತಂದು ಸ್ಟೂಲಿನ ಮೇಲಿಟ್ಟೆ. ಪರೀಕ್ಷೆಯ ಕಾಗದ ತೋರಿಸಲು ಬಂದ ಹುಡುಗಿಯ ಹಾಗೆ ಉಬ್ಬಿಹೋಗಿದ್ದೆ ಎಂದು ಈಗ ಅನ್ನಿಸುತ್ತದೆ. ಗುಂಡು, ಸೀಳು, ಅಮಾವಾಸ್ಯೆ ಎಲ್ಲ ಹೇಳಿದೆ. ಆ ಬೆಳಗಿನ ಬಿಸಿಲು ನೆಲಕ್ಕೆ ಬಿದ್ದು ಹಿಂದೆ ಸರಿಯುವುದನ್ನು ತೋರಿಸಿದೆ.

“ನೋಡ್ದಾ ಅವ್ವ? ನಿನ್ನ ಕಂಡು ಹೋಗಿದ್ದಲ್ಲ ಅದು. ಯಾರು ಕೂತಿದ್ರೂ ಹಂಗೇ ಆಗೋದು.”

“ನಾನೆಲ್ಲಿವ್ನಿ ಇದ್ರಾಗೆ?”

“ಇಲ್ಲಿ. ಈ ಚಪ್ಪಡಿಗೆ ಒರಗಿ.”

ಅವಳು ಆ ಜಾಗವನ್ನೇ ನೋಡಿದಳು. ನಾನು ದಿನಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿದೆ. ಬಿಸಿಲು ನೆಲದಿಂದ ಎದ್ದು, ತೆವಳಿಕೊಂಡು ಹೋಗಿ, ಚಪ್ಪಡಿ ಹತ್ತಿ ನಿಂತಿತು. ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.

“ಇದು ಯಾವತ್ತಿಂದು?”

“ಅಮಾಸೆಗೆ ಮುಂಚೆ. ಅಜ್ಜಿ ಬಾಗ್ಲು ಹಾಕಿದ್ದಾಗ.”

“ಊಂ. ಹಿಂಗೇ ಇತ್ತು.”

ನಾನು ಅವಳ ಕಡೆ ತಿರುಗಿದೆ.

“ಬಾಗ್ಲ ಕೆಳಗೆ ಅರಿಸಿನದ್ ದಾರ ಮಡಗ್ದಂಗೆ ದಿನಾ ವತ್ತಾರೆ ಕಾಣೋದು ಕಣೇ. ಮಂಚದಿಂದ ನಾನೊಬ್ಳೇ ನೋಡ್ತಿದ್ದೆ. ಒಂದಿನ ವತ್ತಾರೇನೇ ಎಲ್ರೂ ಹೊಲ್ದಾಗಿದ್ರಿ. ಕೂಸು ಒಂದೇ ಸಮ ಅಳ್ತಿತ್ತು. ತೆಗ್ದೆ. ಹೋಗಿ ಕುಂತೆ. ಮಖದ್ ಮ್ಯಾಲೆ ಬಿತ್ತು. ಅಳೋದ್ ನಿಲ್ಸಿ, ಕಣ್ ಕಿರ್ದು ಮಾಡಿ, ಸೀನ್ತು.” ಅವ್ವ ನಕ್ಕಳು. “ಈಟುದ್ದ ಇದ್ದಿದ್ದು, ಎಂಥಾ ಸೀನು ಅಂತೀಯ!”

“ಅಂದ್ರೆ ಅಜ್ಜಿ ಲೆಕ್ಕದಲ್ಲೇ ಅವ್ರು ಕೂಸನ್ನ ಒಪ್ಕೊಂಡಿದ್ರಲ್ಲವ್ವ! ಇಷ್ಟು ವರ್ಷ ಯಾಕ್ ಹೇಳ್ನಿಲ್ಲ?”

“ಏನಂತ ಹೇಳ್ಲಿ? ಬೆಳ್ಕು ಬಿದ್ದಿತ್ತು, ಆದ್ರೂ ಹೋಯ್ತು ಅಂತ್ಲಾ? ಆಮ್ಯಾಕೆ ನಿಮ್ಮಜ್ಜಿ ಯಾರಿಗ್ ಎಡೆ ಇಕ್ಬೇಕಿತ್ತು?” ಮಡಿಲಿನ ಸೊಪ್ಪನ್ನು ಪಕ್ಕಕ್ಕಿಟ್ಟಳು. “ನಂಗೂ ಅಷ್ಟೇಯ. ನಾನ್ ಬಾಗ್ಲು ತೆಗ್ದಿದ್ದಕ್ಕೆ ಹೋಯ್ತು ಅಂದ್ಕೊಂಡ್ರೆ, ಹೋಗಿದ್ದಕ್ಕೊಂದು ಕಾರಣ ಅಂತ ಇತ್ತು. ನೀನು ಓದಿದೋಳು. ಅದ್ನೂ ತೆಗ್ದ್‌ಬುಟ್ಟೆ.”

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಕಂಪ್ಯೂಟರನ್ನು ಮುಚ್ಚಲು ಕೈ ಚಾಚಿದೆ. ಅವಳು ನನ್ನ ಮಣಿಕಟ್ಟನ್ನು ಹಿಡಿದಳು. ಆ ವಯಸ್ಸಿನ ಕೈಯಲ್ಲಿ ಅಷ್ಟು ಬಲವಿರುತ್ತದೆಂದು ನನಗೆ ಗೊತ್ತಿರಲಿಲ್ಲ.

“ಇರ್ಲಿ ಬಿಡು. ಒಸಿ ಹೊತ್ತು ಇರ್ಲಿ.”

ಪರದೆ ಆಗಾಗ ತಾನಾಗಿಯೇ ಕಪ್ಪಾಗುತ್ತಿತ್ತು. ಆದಾಗಲೆಲ್ಲ ನಾನು ಬೆರಳು ಮುಟ್ಟಿಸುತ್ತಿದ್ದೆ.